ಕಾರವಾರಕ್ಕೆ ಎಷ್ಟು ದೂರ?



ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತು "ಕಾರವಾರಕ್ಕೆ ಎಷ್ಟು ದೂರ?" ಎಂದು ಕೇಳಿ ನೋಡಿ. ವಿಚಾರಣೆಯ ಕಿಟಕಿಯೊಳಗಿಂದ "165 ಕಿಲೋಮೀಟರು" ಎಂಬ ಉತ್ತರ ಬರುತ್ತದೆ. ಅದೇ ಪ್ರಶ್ನೆಯನ್ನು ಚಾಲಕರಿಗೆ ಹಾಕಿದರೆ "ನಾಕ್ ತಾಸ್ರೀ, ಮಳಿ ಇರಲಿಲ್ಲಂದ್ರ" ಎನ್ನುತ್ತಾರೆ. ಎರಡೂ ಸರಿಯೇ. ಆದರೆ ಆ ಎರಡನೆಯ ಉತ್ತರದ ಕೊನೆಯಲ್ಲಿ ಒಂದು "ಅಂದ್ರ" ಇದೆಯಲ್ಲ, ಕಾರವಾರದ ದಾರಿಯ ಕಥೆಯೆಲ್ಲ ಅದರಲ್ಲೇ ಅಡಗಿದೆ. ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ದಾರಿಯ ಬಗ್ಗೆ.

ಕಾರವಾರವನ್ನು ನಮ್ಮ ರಾಜ್ಯದ ಜನ ಭೂಪಟದಲ್ಲಿ ಬಲ್ಲರು. ಟ್ಯಾಗೋರರ ಹೆಸರಿನ ಕಡಲತೀರ, ಕಾಳಿ ನದಿಯ ಅಳಿವೆ, ಬೈತಖೋಲದ ಬಂದರು, ಅರ್ಗಾದಲ್ಲಿ 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ, ಇಷ್ಟನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಹೋಗಿ ಬಂದವರು ಕಡಿಮೆ. ಬೆಂಗಳೂರಿನವರಿಗೆ ಅದು 500 ಕಿಲೋಮೀಟರಿಗಿಂತಲೂ ದೂರದ ಊರು. ಗೋವೆಯ ಗಡಿಗೆ ಮಾತ್ರ ಕಾರವಾರದಿಂದ ಸುಮಾರು 15 ಕಿಲೋಮೀಟರು. ಕಾರವಾರದವರು ಬಟ್ಟೆ ಕೊಳ್ಳಲು ಮಡಗಾಂವಿಗೆ ಹೋಗುತ್ತಾರೆಂದರೆ ಅವರಿಗೆ ರಾಜ್ಯದ ಮೇಲೆ ಅಭಿಮಾನ ಕಡಿಮೆಯೆಂದು ದಯವಿಟ್ಟು ತಿಳಿಯಬೇಡಿ. ದಾರಿ ಆ ಕಡೆಗೆ ಸಲೀಸು, ಅಷ್ಟೆ.

ನಾನು ಮೊದಲ ಸಲ ಈ ದಾರಿ ಹಿಡಿದದ್ದು 1978ರ ಜುಲೈ ತಿಂಗಳಲ್ಲಿ. ಧಾರವಾಡದ ಕಡೆಯ ಹಳ್ಳಿಯವನು ನಾನು. ಶಾಲಾ ಶಿಕ್ಷಕನಾಗಿ ನೇಮಕದ ಆದೇಶ ಕೈಗೆ ಬಂದಿತ್ತು. ಸೋಮವಾರ ಕಾರವಾರದ ಕಚೇರಿಯಲ್ಲಿ ಹಾಜರಾಗಬೇಕು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹುಬ್ಬಳ್ಳಿಯಲ್ಲಿ ಕೆಂಪು ಬಸ್ಸು ಹತ್ತಿದೆ. ಕಲಘಟಗಿ, ಕಿರವತ್ತಿ, ಯಲ್ಲಾಪುರ. ಅಲ್ಲಿಯವರೆಗೆ ಎಲ್ಲವೂ ನಮ್ಮ ಕಡೆಯ ದಾರಿಯಂತೆಯೇ ಇತ್ತು. ಯಲ್ಲಾಪುರದಲ್ಲಿ ಚಹಾ ಕುಡಿದು ಮುಂದೆ ಹೊರಟಾಗ ಮಳೆ ಹಿಡಿಯಿತು. ಬಯಲುಸೀಮೆಯವನಿಗೆ ಮಳೆಯೆಂದರೆ ಬಂದು ಹೋಗುವ ವಸ್ತು. ಅಲ್ಲಿ ಅದು ಬಂದು ಕುಳಿತಿತ್ತು. ಅರಬೈಲು ಘಟ್ಟದ ನಡುವೆ ಒಂದು ತಿರುವಿನಲ್ಲಿ ಬಸ್ಸು ನಿಂತಿತು. ಮುಂದೆ ದರೆ ಕುಸಿದು ಒಂದು ಹೆಮ್ಮರ ರಸ್ತೆಗೆ ಅಡ್ಡ ಮಲಗಿದೆ. ರಾತ್ರಿಯಿಡೀ ಬಸ್ಸಿನಲ್ಲೇ ಕುಳಿತೆವು. ಮರುದಿನ ಮಧ್ಯಾಹ್ನ ಕೊಡಲಿ, ಗರಗಸ ಹಿಡಿದ ಜನ ಬಂದು ದಾರಿ ಬಿಡಿಸಿದರು. ಕಾರವಾರ ತಲುಪಿದಾಗ ಸಂಜೆ ಆರೂವರೆ. ಕಚೇರಿಯ ಬಾಗಿಲಿಗೆ ಬೀಗ.

ಮಂಗಳವಾರ ಬೆಳಿಗ್ಗೆ ಹಾಜರಾದೆ. ಗುಮಾಸ್ತರು ಮಂಗಳವಾರದ ತಾರೀಖನ್ನೇ ಬರೆದರು. ಅವರದು ತಪ್ಪಲ್ಲ, ಬಂದ ದಿನವನ್ನೇ ಬರೆಯಬೇಕು. ನನ್ನ ಜೊತೆಯದೇ ಆದೇಶದಲ್ಲಿ ಹೆಸರಿದ್ದ ಇನ್ನೊಬ್ಬರು ಕುಮಟೆಯವರು. ಕರಾವಳಿಯ ರಸ್ತೆಯಲ್ಲಿ ಸುಖವಾಗಿ ಬಂದು ಸೋಮವಾರವೇ ಸಹಿ ಹಾಕಿದ್ದರು. ಆ ಒಂದು ದಿನದ ವ್ಯತ್ಯಾಸ ಸೇವಾ ಜ್ಯೇಷ್ಠತೆಯ ಪಟ್ಟಿಯಲ್ಲಿ ಹದಿನಾರು ವರ್ಷ ಹಾಗೆಯೇ ಕುಳಿತಿತ್ತು. 1994ರಲ್ಲಿ ಮುಖ್ಯೋಪಾಧ್ಯಾಯರ ಒಂದೇ ಒಂದು ಹುದ್ದೆ ತೆರವಾದಾಗ ಅದು ಅವರಿಗೆ ಹೋಯಿತು. ನನ್ನ ಸರದಿ ಬರಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಅವರು ಒಳ್ಳೆಯ ಮನುಷ್ಯರು, ಇಂದಿಗೂ ನನ್ನ ಸ್ನೇಹಿತರು. "ನಿಮ್ಮ ಪ್ರಮೋಶನ್ನು ಅರಬೈಲಿನ ಆ ಮರದ ಕೆಳಗೆ ಸಿಕ್ಕಿಬಿದ್ದಿತ್ತು ಮಾರಾಯ್ರೆ" ಎಂದು ಈಗಲೂ ನಗುತ್ತಾರೆ. ನಾನೂ ನಗುತ್ತೇನೆ, ಈಗ.

ಇದನ್ನು ಹೇಳಿದ್ದು ಬರಿಯ ನನ್ನ ಕಥೆಗಾಗಿ ಅಲ್ಲ. ಕಾರವಾರ ಉತ್ತರ ಕನ್ನಡದ ಜಿಲ್ಲಾ ಕೇಂದ್ರ. ಜಿಲ್ಲೆಯ ಅರ್ಧ ಭಾಗ ಘಟ್ಟದ ಮೇಲಿದೆ. ಸಿದ್ದಾಪುರ, ಮುಂಡಗೋಡ, ಶಿರಸಿ ಮೊದಲಾದ ತಾಲ್ಲೂಕುಗಳವರು ಜಿಲ್ಲಾ ಕಚೇರಿಯ ಒಂದು ಸಹಿಗಾಗಿ ನೂರು ಕಿಲೋಮೀಟರು ಮೀರಿ ಘಟ್ಟ ಇಳಿದು ಬರಬೇಕು. ಬೆಳಗಿನ ಐದೂವರೆಯ ಬಸ್ಸು ಹಿಡಿದು ಬಂದ ಮುದುಕರೊಬ್ಬರು ಮಧ್ಯಾಹ್ನ ಮೂರು ಗಂಟೆಗೇ ಗಡಿಯಾರ ನೋಡಲು ಆರಂಭಿಸುತ್ತಾರೆ. ಸಾಹೇಬರು ಸಭೆಯಲ್ಲಿದ್ದಾರೆ, ಹಿಂದಿರುಗುವ ಬಸ್ಸು ನಾಲ್ಕಕ್ಕೆ. ಹೀಗೆ ಎರಡು ಕಡೆ ಕಣ್ಣಿಟ್ಟು ಕುಳಿತವರನ್ನು ಕಾರವಾರದ ಕಚೇರಿಗಳ ವರಾಂಡದಲ್ಲಿ ನೀವು ಯಾವ ದಿನ ಬೇಕಾದರೂ ನೋಡಬಹುದು.

ಈ ಕಷ್ಟ ನಿನ್ನೆ ಮೊನ್ನೆಯದಲ್ಲ. ಕಾರವಾರದ ಕೊಲ್ಲಿ ಒಳ್ಳೆಯದು. ಎದುರಿಗೆ ದ್ವೀಪಗಳು, ತೆಂಕಣಕ್ಕೆ ಗುಡ್ಡದ ಮರೆ. ಹಡಗಿಗೆ ಇದಕ್ಕಿಂತ ಒಳ್ಳೆಯ ತಾವು ಪಶ್ಚಿಮ ಕರಾವಳಿಯಲ್ಲಿ ಹೆಚ್ಚಿಲ್ಲ. ಇದನ್ನು ಕಂಡೇ ಇಂಗ್ಲಿಷರು 1638ರಷ್ಟು ಹಿಂದೆಯೇ ಇಲ್ಲಿ ಕೋಠಿ ತೆರೆದರು. ಹುಬ್ಬಳ್ಳಿಯ ಕಡೆಯ ನೇಕಾರರ ನಯವಾದ ಬಟ್ಟೆ, ಮಲೆನಾಡಿನ ಮೆಣಸು, ಏಲಕ್ಕಿ ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿದು ಬರುತ್ತಿದ್ದವು. ಎಂದರೆ ನೀವು ಇಂದು ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೊರಟರೆ ಹಿಡಿಯುವುದು ಸುಮಾರು ನಾನೂರು ವರ್ಷದ ವ್ಯಾಪಾರದ ಹಾದಿಯನ್ನೇ.

ಆಮೇಲೆ ಬಂತು ಹತ್ತಿಯ ಕಾಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡದ ಎರೆ ಹೊಲಗಳ ಹತ್ತಿಯ ಮೇಲೆ ಮ್ಯಾಂಚೆಸ್ಟರಿನವರ ಕಣ್ಣು ಬಿತ್ತು. ಅದುವರೆಗೆ ಆ ಹತ್ತಿ ಕುಮಟೆಯ ಬಂದರಿನಿಂದ ಹಡಗೇರುತ್ತಿತ್ತು. ಆ ದೇಶದ ಪೇಟೆಯಲ್ಲಿ ಧಾರವಾಡದ ಹತ್ತಿಗೆ 'ಕುಮಟಾ' ಎಂಬ ಹೆಸರೇ ನಿಂತುಬಿಟ್ಟಿತ್ತು. ಕುಮಟೆಗಿಂತ ಕಾರವಾರದ ಕೊಲ್ಲಿ ಲೇಸೆಂದು ಲೆಕ್ಕ ಹಾಕಿ, 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಒತ್ತುವ ಯಂತ್ರಗಳು ಹಡಗಿನಲ್ಲಿ ಬಂದು ಕಾಳಿಯ ದಂಡೆಯ ಸದಾಶಿವಗಡದ ಕಡೆ ಇಳಿದವು. ಆದರೆ ಯಂತ್ರ ಬಂದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ! ಹೊಲದಲ್ಲಿ ಹತ್ತಿ, ದಂಡೆಯಲ್ಲಿ ಯಂತ್ರ, ನಡುವೆ ಕಾಡು. ರಸ್ತೆ ಆಗುವ ಹೊತ್ತಿಗೆ ಅಮೆರಿಕದ ಯುದ್ಧವೂ ಮುಗಿಯಿತು, ಹತ್ತಿಯ ಬೆಲೆಯೂ ಇಳಿಯಿತು. ಮುಂದೆ 1880ರ ದಶಕದ ಕೊನೆಗೆ ಹುಬ್ಬಳ್ಳಿ ಕಡೆಯ ರೈಲು ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಮುರಗಾಂವ್ ಬಂದರಿಗೆ ಇಳಿಯಿತು. ಸರಕು ರೈಲಿನ ಹಿಂದೆ ಹೋಯಿತು. ವಿಚಿತ್ರ ನೋಡಿ: ಆ ಕ್ಯಾಸಲ್‌ರಾಕ್ ಇರುವುದು ಉತ್ತರ ಕನ್ನಡ ಜಿಲ್ಲೆಯಲ್ಲೇ, ಇಂದಿನ ಜೋಯಿಡಾ ತಾಲ್ಲೂಕಿನಲ್ಲಿ. ಜಿಲ್ಲೆಯ ಒಂದು ಮೂಲೆಯನ್ನು ಸವರಿಕೊಂಡು ಹೋದ ರೈಲು ಜಿಲ್ಲೆಯ ಬಂದರಿನ ಕಡೆ ತಿರುಗಲಿಲ್ಲ.

ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ 1999ರಲ್ಲಿ ಅಂದಿನ ಪ್ರಧಾನಿ ವಾಜಪೇಯಿಯವರು ಅಡಿಗಲ್ಲು ಹಾಕಿದರು. ಕಾಲು ಶತಮಾನ ಕಳೆದರೂ ಆ ಹಳಿಯ ಮೇಲೆ ಗಾಡಿ ಓಡಿಲ್ಲ. ದಾರಿ ಹಾಯಬೇಕಾದದ್ದು ದಟ್ಟ ಕಾಡಿನ ನಡುವೆ. ಲಕ್ಷಾಂತರ ಮರ, ಆನೆ, ಹುಲಿ ಓಡಾಡುವ ಜಾಗ. ಬೇಕೆನ್ನುವವರ ಮಾತಿನಲ್ಲೂ ಸತ್ಯವಿದೆ, ಬೇಡವೆನ್ನುವವರ ಮಾತಿನಲ್ಲೂ ಸತ್ಯವಿದೆ. ನನ್ನನ್ನು ಕೇಳಿದರೆ, ಘಟ್ಟದಲ್ಲಿ ಒಂದು ರಾತ್ರಿ ಕಳೆದವನಾಗಿಯೂ, ಆ ಗುಡ್ಡಗಳನ್ನು ಇನ್ನೊಮ್ಮೆ ಕಡಿಯುವ ಮೊದಲು ಹತ್ತು ಸಲ ಯೋಚಿಸಬೇಕು ಎನ್ನುತ್ತೇನೆ. ಯಾಕೆಂಬುದು ಮುಂದೆ ಬರುತ್ತದೆ.

ಈಗ ದಾರಿಗಳ ಮಾತಿಗೆ ಬರೋಣ. ಬೆಂಗಳೂರಿನಿಂದ ಬರುವವರಿಗೆ ನಾನು ಹೇಳುವುದು ರೈಲು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಮರುದಿನ ಬೆಳಿಗ್ಗೆ ಕಾರವಾರ ಮುಟ್ಟಿಸುತ್ತದೆ. ಹಾಸನ, ಸಕಲೇಶಪುರ ದಾಟಿ, ನೀವು ಮಲಗಿರುವಾಗಲೇ ಸುಬ್ರಹ್ಮಣ್ಯದ ಘಟ್ಟ ಇಳಿದು, ಮಂಗಳೂರು ಸೆಂಟ್ರಲ್ಲಿಗೆ ಹೋಗದೆ ಪಡೀಲಿನಲ್ಲೇ ತಿರುಗಿ ಉಡುಪಿಯ ಹಾದಿ ಹಿಡಿಯುತ್ತದೆ. ಬೆಳಕು ಹರಿಯುವಾಗ ಕಿಟಕಿಯಲ್ಲಿ ಗದ್ದೆ, ತೆಂಗು, ಉಪ್ಪುನೀರಿನ ಹಿನ್ನೀರು. ಘಟ್ಟವನ್ನು ಹಗಲಿನಲ್ಲೇ ನೋಡಬೇಕೆಂಬ ಆಸೆಯಿದ್ದರೆ ಯಶವಂತಪುರದಿಂದ ವಾರದ ಕೆಲವು ದಿನ ಹಗಲು ರೈಲೂ ಉಂಟು. ಘಟ್ಟದಲ್ಲಿ ಹಳಿಯ ಕೆಲಸ ನಡೆಯುವಾಗ ಅದನ್ನು ನಿಲ್ಲಿಸುವುದೂ ಉಂಟು, ಕೇಳಿಕೊಂಡೇ ಹೊರಡಿ.

ಕೊಂಕಣ ರೈಲ್ವೆಯ ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ ಆರಂಭವಾದ ಕೆಲಸ, ಇ. ಶ್ರೀಧರನ್ ಅದನ್ನು ಮುಗಿಸಿ ತೋರಿಸಿದರು. ಆ ವರ್ಷ ಕಾರವಾರದ ಎಷ್ಟೋ ಮನೆಗಳ ಅಜ್ಜಿಯಂದಿರು ಬುತ್ತಿ ಕಟ್ಟಿಕೊಂಡು ನಿಲ್ದಾಣಕ್ಕೆ ಬರಿಯ ರೈಲು ನೋಡಲೆಂದೇ ಹೋಗಿದ್ದರು. ಮುಂಬಯಿಗೆ ದುಡಿಯಲು ಹೋದ ಮಕ್ಕಳು ಒಂದು ರಾತ್ರಿಯಲ್ಲಿ ಮನೆ ಸೇರಬಹುದೆಂದು ತಿಳಿದಾಗ ಆ ಅಜ್ಜಿಯಂದಿರ ಲೆಕ್ಕದಲ್ಲಿ ದೇಶವೇ ಕಿರಿದಾಗಿತ್ತು. 2023ರ ಕೊನೆಯಿಂದ ಮಂಗಳೂರು–ಮಡಗಾಂವ್ ವಂದೇ ಭಾರತ್ ಗಾಡಿಯೂ ಬಂದಿದೆ; ಕಾರವಾರದಲ್ಲಿ ಅದಕ್ಕೆ ನಿಲುಗಡೆ ದೊರೆತಿದೆ.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಮೊದಲನೆಯದು, ಮಳೆಗಾಲದಲ್ಲಿ ಕೊಂಕಣ ರೈಲ್ವೆಗೆ ಬೇರೆಯೇ ವೇಳಾಪಟ್ಟಿ. ಗುಡ್ಡ ಕಡಿದ ಜಾಗಗಳಲ್ಲಿ ಗಾಡಿಗಳು ಮೆಲ್ಲನೆ ಹೋಗುತ್ತವೆ, ಹೊರಡುವ ಹೊತ್ತೂ ತಲುಪುವ ಹೊತ್ತೂ ಬದಲಾಗುತ್ತವೆ. ಮೇ ತಿಂಗಳಲ್ಲಿ ಕಂಡ ಹೊತ್ತನ್ನು ನಂಬಿ ಜುಲೈಯಲ್ಲಿ ನಿಲ್ದಾಣಕ್ಕೆ ಹೋದವರು ಗಾಡಿಯ ಬೆನ್ನು ನೋಡಿದ್ದುಂಟು. ಎರಡನೆಯದು, ಕಾರವಾರದ ರೈಲು ನಿಲ್ದಾಣ ಕಾರವಾರದಲ್ಲಿ ಇಲ್ಲ. ಅದು ಶಿರವಾಡದಲ್ಲಿದೆ, ಪೇಟೆಯ ಬಸ್ ನಿಲ್ದಾಣದಿಂದ ಏಳೆಂಟು ಕಿಲೋಮೀಟರು. 500 ಕಿಲೋಮೀಟರಿಗೆ ಕೊಟ್ಟ ಹಣದ ಮೇಲೆ ಈ ಏಳೆಂಟು ಕಿಲೋಮೀಟರಿಗೆ ಆಟೋದವರಿಗೆ ಕೊಡುವ ಹಣ ನಿಮಗೆ ಹೆಚ್ಚೆನಿಸುತ್ತದೆ. ಗಾಡಿಯಿಂದ ಇಳಿದವರಲ್ಲಿ ಪೇಟೆಗೆ ಹೋಗುವವರು ಯಾರೆಂದು ಕೇಳಿ, ಮೂವರು ಸೇರಿ ಆಟೋ ಹಿಡಿಯಿರಿ. ಹಗಲಾದರೆ ಬಸ್ಸೂ ಸಿಗಬಹುದು. ಊರಿನಿಂದ ಹಿಂದಿರುಗುವಾಗಲಂತೂ ರೈಲಿನ ಹೊತ್ತಿಗೆ ಈ ದೂರವನ್ನು ಸೇರಿಸಿಯೇ ಮನೆ ಬಿಡಬೇಕು.

ಮಂಗಳೂರಿನ ಕಡೆಯಿಂದ ರಸ್ತೆಯಲ್ಲಿ ಬರುವವರಿಗೆ 270 ಕಿಲೋಮೀಟರು. ಹಿಂದೆ 17ನೆಯ ರಾಷ್ಟ್ರೀಯ ಹೆದ್ದಾರಿ ಎನ್ನುತ್ತಿದ್ದೆವು, ಈಗ ಅದು 66. ಉಡುಪಿ, ಕುಂದಾಪುರದ ಕಡೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳ ರಾಜ್ಯ. ಮೇಲೆ ಭಟ್ಕಳ, ಹೊನ್ನಾವರ, ಕುಮಟಾ ದಾಟಿ ಬರುವುದಕ್ಕೆ ಸರಕಾರಿ ಬಸ್ಸೇ ಗತಿ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ನಿಮ್ಮ ಬಸ್ಸು. ಎಡಬದಿಯ ಕಿಟಕಿ ಸಿಕ್ಕರೆ ಬಿಡಬೇಡಿ. ಗೋವೆಯಿಂದ ಬರುವವರಿಗೆ ಅಲ್ಲಿನ ಕದಂಬ ಸಾರಿಗೆಯ ಬಸ್ಸುಗಳೂ ನಮ್ಮ ವಾಯವ್ಯ ಸಾರಿಗೆಯ ಬಸ್ಸುಗಳೂ ಉಂಟು. ಮಡಗಾಂವಿನಿಂದ ಸುಮಾರು 70 ಕಿಲೋಮೀಟರು. ಮಾಜಾಳಿಯ ತಪಾಸಣೆ ಗೇಟಿನಲ್ಲಿ ಬಸ್ಸು ನಿಲ್ಲಿಸಿ ಚೀಲ ತಡಕುತ್ತಾರೆ. ಅದೇನು ಹುಡುಕುತ್ತಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ! ನಮ್ಮ ರಾಜ್ಯದೊಳಗಿನ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಗುರುತಿನ ಚೀಟಿ ಕೈಯಲ್ಲಿರಲಿ. ಗಡಿ ದಾಟಿ ಹೋಗುವ ಬಸ್ಸಾದರೆ ಹತ್ತುವ ಮೊದಲೇ ನಿರ್ವಾಹಕರನ್ನು ಕೇಳಿಕೊಳ್ಳಿ.

ಇನ್ನು ಹುಬ್ಬಳ್ಳಿಯ ದಾರಿ. ನನಗೆ ಒಂದು ಭಡ್ತಿ ನುಂಗಿದ ದಾರಿಯಾದರೂ ನನ್ನ ಮೆಚ್ಚಿನದು ಇದೇ. ಯಲ್ಲಾಪುರ ಬಿಟ್ಟು ಇಡಗುಂದಿ ದಾಟಿದ ಮೇಲೆ ಅರಬೈಲು ಘಟ್ಟ. ತಿರುವು ತಿರುವಿಗೂ ಗಾಳಿಯ ಗುಣ ಬದಲಾಗುತ್ತದೆ. ಮೇಲೆ ತಂಪಾಗಿದ್ದದ್ದು ಕೆಳಗೆ ಬರುವಾಗ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತದೆ. ಗುಳ್ಳಾಪುರ, ರಾಮನಗುಳಿ, ಸುಂಕಸಾಳ, ಮಾಸ್ತಿಕಟ್ಟೆ. ಸುಂಕಸಾಳ ಎಂಬ ಹೆಸರನ್ನು ಕೇಳಿದಾಗಲೆಲ್ಲ ನನಗೆ ಹೇರೆತ್ತುಗಳ ಕಾಲ ನೆನಪಾಗುತ್ತದೆ. ಬಾಳೇಗುಳಿಯ ಕ್ರಾಸಿನಲ್ಲಿ ಈ ರಸ್ತೆ ಕರಾವಳಿಯ ಹೆದ್ದಾರಿಗೆ ಸೇರುತ್ತದೆ. ಒಂದು ಸಲ ರಾತ್ರಿಯ ಬಸ್ಸಿನಲ್ಲಿ, ನಾನು ಕಡಲು ನೋಡಲೆಂದು ಕಣ್ಣು ಬಿಟ್ಟುಕೊಂಡೇ ಕುಳಿತಿದ್ದನ್ನು ಕಂಡು ನಿರ್ವಾಹಕರು, "ಮಲಕೋರಿ ಗುರುಗಳ, ಅಂಕೋಲಾ ದಾಟಿದ ಮ್ಯಾಲೆ ನಾನ ಎಬ್ಬಸ್ತೇನಿ" ಎಂದರು. ಮಾತಿನಂತೆ ಎಬ್ಬಿಸಿದರು. ಆಗ ಬಿಣಗಾದಿಂದ ಗುಡ್ಡ ಸುತ್ತಿಕೊಂಡು ಬರುವ ಹಾದಿ. ಕೊನೆಯ ತಿರುವಿನಲ್ಲಿ ಇಡೀ ಕೊಲ್ಲಿ ಒಮ್ಮೆಗೇ ಕಾಣುತ್ತಿತ್ತು, ದೂರದ ದೇವಗಡ ದ್ವೀಪದಲ್ಲಿ ದೀಪಸ್ತಂಭ ಮಿನುಗುತ್ತಿತ್ತು. ಈಗ ಅಲ್ಲಿ ಗುಡ್ಡ ಕೊರೆದು ಸುರಂಗ ಮಾಡಿದ್ದಾರೆ. ಹೊತ್ತು ಉಳಿಯುತ್ತದೆ, ಆದರೆ ಆ ತಿರುವು ಹೋಯಿತು.

ಸ್ವಂತ ವಾಹನದಲ್ಲಿ ಬರುವವರಿಗೆ ಇನ್ನೆರಡು ದಾರಿ ಉಂಟು. ಯಲ್ಲಾಪುರದಿಂದ ಕೈಗಾ, ಕದ್ರಾ ಮಾರ್ಗ ಒಂದು. ಜೋಯಿಡಾದ ಕಡೆಯಿಂದ ಅಣಶಿ ಘಟ್ಟ ಇಳಿದು ಕದ್ರಾಕ್ಕೆ ಬರುವುದು ಇನ್ನೊಂದು. ಕಣ್ಣಿಗೆ ಹಬ್ಬ. ಆದರೆ ಕಾಳಿ ಹುಲಿ ಅಭಯಾರಣ್ಯದ ನಡುವಿನ ಈ ಹಾದಿಯಲ್ಲಿ ಬಹಳ ದೂರ ಫೋನಿಗೆ ಜೀವವಿರುವುದಿಲ್ಲ, ಗ್ಯಾರೇಜಿಲ್ಲ, ಮಳೆಗಾಲದಲ್ಲಿ ದರೆ ಜಾರುತ್ತದೆ. ಫೋನಿನ ನಕಾಶೆ "ಇದೇ ಹತ್ತಿರ" ಎಂದು ತೋರಿಸಿದರೂ ಕತ್ತಲಾದ ಮೇಲೆ ಆ ಕಡೆ ತಿರುಗಬೇಡಿ. ನಕಾಶೆಗೆ ಮಳೆ ಗೊತ್ತಿಲ್ಲ.

ಮಳೆಯ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 2021ರ ಜುಲೈಯಲ್ಲಿ ಅರಬೈಲು ಘಟ್ಟ ಕುಸಿದು ವಾಹನಗಳು ನಿಂತವು. ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಗಿ ಆಚೆಯ ಹಳ್ಳಿಗಳ ಜನ ದಾರಿಯಿಲ್ಲದೆ ಉಳಿದರು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡವೇ ಕಳಚಿ ಬಿತ್ತು. ಭಟ್ಕಳದಾಚೆ ಬೈಂದೂರಿನ ಬಳಿ ಇನ್ನೊಂದು ಶಿರೂರು ಇದೆ. ಇದು ಅದಲ್ಲ, ಗಂಗಾವಳಿಯ ದಂಡೆಯ ಶಿರೂರು. ರಸ್ತೆಯ ಪಕ್ಕದಲ್ಲಿ ಒಂದು ಚಹಾ ಅಂಗಡಿ ಇತ್ತು. ಲಾರಿಯವರು ನಿಂತು ಚಹಾ ಕುಡಿದು, ಹಲ್ಲುಜ್ಜಿ, ಮುಖ ತೊಳೆದು ಮುಂದೆ ಹೋಗುವ ಜಾಗ. ಅಂಗಡಿಯ ಮನೆಯವರೂ ನಿಂತಿದ್ದ ವಾಹನಗಳೂ ಮಣ್ಣಿನೊಡನೆ ನದಿಗೆ ಹೋದವು. ಕೇರಳದ ಒಬ್ಬ ಚಾಲಕನ ಲಾರಿ ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಯಲ್ಲಿ, ಎರಡು ತಿಂಗಳಿಗೂ ಹೆಚ್ಚು ಹುಡುಕಿದ ಮೇಲೆ. ಆ ಅಂಗಡಿಯಲ್ಲಿ ಚಹಾ ಕುಡಿದವರು ಜಿಲ್ಲೆಯಲ್ಲಿ ಎಷ್ಟು ಸಾವಿರ ಜನರೋ! ನಾನೂ ಒಬ್ಬ. ರಸ್ತೆ ಅಗಲವಾಗಬೇಕು ನಿಜ. ಆದರೆ ನಮ್ಮ ಕರಾವಳಿಯ ಗುಡ್ಡಗಳ ಮೇಲೆ ಜಂಬಿಟ್ಟಿಗೆ, ಕೆಳಗೆ ಮೆತ್ತನೆಯ ಜೇಡಿ. ಬುಡವನ್ನು ಕಡಿದಾಗಿ ಕಡಿದರೆ, ನೀರು ಹೋಗಲು ದಾರಿ ಮಾಡದಿದ್ದರೆ, ಗುಡ್ಡ ನೀರು ಕುಡಿದು ಭಾರವಾಗಿ ಕೆಳಗೆ ಬರುತ್ತದೆ. ಹಳಿಗಾಗಿ ಗುಡ್ಡ ಕಡಿಯುವ ಮೊದಲು ಹತ್ತು ಸಲ ಯೋಚಿಸಬೇಕೆಂದು ಆಗ ಹೇಳಿದ್ದು ಇದಕ್ಕೇ.

ಇದಾದ ಮೂರು ವಾರಕ್ಕೆ ಇನ್ನೊಂದು ಸುದ್ದಿ. ಆಗಸ್ಟ್ 7ರ ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮೇಲಿದ್ದ ಒಂದು ಲಾರಿ ನೀರಿಗೆ ಬಿತ್ತು. ಚಾಲಕ ಲಾರಿಯ ಮೇಲೆ ಹತ್ತಿ ಕುಳಿತು ಕೂಗಿಕೊಂಡ; ಪೊಲೀಸರೂ ಮೀನುಗಾರರೂ ಕೂಡಿ ಅವನನ್ನು ದಡಕ್ಕೆ ತಂದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ಸಂಚಾರ ಅದರ ಮೇಲೆ ಸಾಗಿತು. ಬೆಳಿಗ್ಗೆ ಆರು ಗಂಟೆಗೆ ನನ್ನ ಮಗಳು ಗೋವೆಯ ಕಾಣಕೋಣದಿಂದ ಫೋನು ಮಾಡಿದಳು. "ಅಪ್ಪಾ, ನಮ್ಮ ಸೇತುವೆ ಬಿತ್ತಂತೆ" ಎಂದಳು.

ಅವಳು "ನಮ್ಮ ಸೇತುವೆ" ಎಂದದ್ದಕ್ಕೆ ಕಾರಣವುಂಟು. ಆ ಸೇತುವೆ ಆದದ್ದು 1983ರಲ್ಲಿ. ಅದಕ್ಕೆ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯೇ ಗತಿ. ಬಸ್ಸು ಈಚೆ ದಡಕ್ಕೆ ನಿಲ್ಲುತ್ತಿತ್ತು. ಸಾಮಾನು ಹೊತ್ತು ಲಾಂಚು ಹತ್ತಿ ಆಚೆ ದಡದಲ್ಲಿ ಇನ್ನೊಂದು ಬಸ್ಸು. ನನ್ನ ಶಾಲೆ ಇದ್ದದ್ದು ಸದಾಶಿವಗಡದಾಚೆ. 1981ರ ಜೂನ್ ತಿಂಗಳು, ಮಳೆ ಹಿಡಿದು ಒಂದು ವಾರವಾಗಿತ್ತು. ತುಂಬಿದ ಗರ್ಭಿಣಿಯಾಗಿದ್ದ ನನ್ನ ಹೆಂಡತಿಯನ್ನು ಮರುದಿನ ತವರಿಗೆ ಕರೆದೊಯ್ಯಬೇಕೆಂದು ಚೀಲ ಕಟ್ಟಿಟ್ಟಿದ್ದೆವು. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಯಿತು. ಕೊನೆಯ ತಾರಿ ಹೋಗಿ ಎಷ್ಟೋ ಹೊತ್ತಾಗಿತ್ತು. ಆಸ್ಪತ್ರೆ ಆಚೆ ದಡದ ಕಾರವಾರದಲ್ಲಿ. ನಮ್ಮ ದಡದಿಂದ ಊರಿನ ದೀಪಗಳು ಕಾಣುತ್ತವೆ, ಹೋಗಲು ದಾರಿಯಿಲ್ಲ. ಪಕ್ಕದ ಮನೆಯ ಮೀನುಗಾರರನ್ನು ಎಬ್ಬಿಸಿದೆ. ಅವರು ನದಿಯ ಬಳಿ ಹೋಗಿ ಕೈ ಅದ್ದಿ ನೋಡಿ ಬಂದು, "ಮಾಸ್ತರ್ರೆ, ಈಗ ಇಳಿತ ಜೋರುಂಟು, ಬಿಟ್ಟರೆ ಸಮುದ್ರಕ್ಕೇ ಹೋಗ್ತೇವೆ. ಒಂದು ತಾಸು ತಡೀರಿ" ಎಂದರು. ಆ ಒಂದು ತಾಸು ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ. ನೀರು ನಿಂತ ಮೇಲೆ ಅಪ್ಪ, ಮಗ ಇಬ್ಬರೂ ಹುಟ್ಟು ಹಾಕಿದರು. ನಾನು ಹೆಂಡತಿಯ ತಲೆಯ ಮೇಲೆ ಕಂಬಳಿ ಹಿಡಿದು ಕುಳಿತೆ. ಬೆಳಗಿನ ನಾಲ್ಕು ಗಂಟೆಗೆ ಕಾರವಾರದ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಹಣ ಕೊಡಹೋದರೆ ಆ ಹಿರಿಯರು ತೆಗೆದುಕೊಳ್ಳಲಿಲ್ಲ. ಬಾಣಂತಿಗೆಂದು ಮರುವಾರ ಅವರೇ ಮೀನು ತಂದುಕೊಟ್ಟರು. ನಾವು ತಿನ್ನುವವರಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಎರಡು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಸ ಸೇತುವೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದಿದ್ದೆ. ನಾವಷ್ಟೇ ಅಲ್ಲ, ಊರಿಗೆ ಊರೇ ನಡೆಯಿತು.

ಸೇತುವೆಗಳು ಬಂದವು, ರೈಲು ಬಂತು. ಆದರೆ ದೊಡ್ಡ ಕಾಯಿಲೆ ಬಿದ್ದರೆ ಉತ್ತರ ಕನ್ನಡದವರು ಇಂದಿಗೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವೆಗೋ ಓಡುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಬಳಿಯ ಆ ಇನ್ನೊಂದು ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಲ್ಲಿ ಎದ್ದಿತು. ನಾವು ಅಂದು ಒಂದು ನದಿ ದಾಟಬೇಕಿತ್ತು. ಅವರು ನೂರಾರು ಕಿಲೋಮೀಟರು ದಾಟಬೇಕು.

ನೀವು ಕಾರವಾರಕ್ಕೆ ಬನ್ನಿ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಬಂದರೆ ಎಲ್ಲ ದಾರಿಗಳೂ ತೆರೆದಿರುತ್ತವೆ. ಮಳೆಗಾಲದಲ್ಲಿ ಬರಲೇಬೇಕಾದರೆ ಹಗಲು ಹೊರಡಿ, ಒಂದು ದಿನ ಮುಂಚಿತವಾಗಿ ಹೊರಡಿ, ಹಾಜರಾಗಬೇಕಾದ ಕೆಲಸವಿದ್ದರೆ ಎರಡು ದಿನ ಮುಂಚಿತವಾಗಿಯೇ ಹೊರಡಿ. ಘಟ್ಟದ ಮೇಲಿನ ಊರಿನಲ್ಲಿ ಚಹಾಕ್ಕೆ ನಿಂತಾಗ, ಎದುರು ದಿಕ್ಕಿನಿಂದ ಬಂದ ಬಸ್ಸಿನ ಚಾಲಕರನ್ನು "ಕೆಳಗೆ ಹೆಂಗೈತ್ರೀ?" ಎಂದು ಕೇಳಿ. ಅವರು ಹೇಳಿದ್ದೇ ಸರಿಯಾದ ಸುದ್ದಿ. ಊರು ತಲುಪಿ ಬಸ್ಸಿಳಿದ ಕೂಡಲೇ, ಚೀಲ ಕೆಳಗಿಡುವ ಮೊದಲೇ, ನಿಮ್ಮೂರಿನ ಕಡೆಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ನಿಯಂತ್ರಕರನ್ನು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಿ. ಆಮೇಲೆ ಕಡಲು ನೋಡಲು ಹೋಗಿ. ಬಸ್ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರ.